ಹಡ್ಸನ್ ಆಚೆಯ ಕೋರ್ಟಿನಲ್ಲಿ ನಾನು ಹೇಳಿಕೊಟ್ಟ ಸುಳ್ಳು

ಜರ್ಸಿ ಸಿಟಿ

ಅಮೆರಿಕದಿಂದ ಬಂದವಳನ್ನು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ. ಆ ದೊಡ್ಡ ಜಲಪಾತ ನೋಡಿದ್ಯಾ, ದೀಪ ಎತ್ತಿ ಹಿಡಿದ ಹೆಂಗಸಿನ ಪ್ರತಿಮೆ ನೋಡಿದ್ಯಾ? ಪ್ರತಿಮೆಯನ್ನು ದೂರದಿಂದ ನೋಡಿದೆ, ಜಲಪಾತಕ್ಕೆ ಹೋಗಲೇ ಇಲ್ಲ, ಕೋರ್ಟಿಗೆ ಹೋಗಿ ಬಂದೆ ಎಂದರೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತಾರೆ. "ಮೂವತ್ತೊಂದು ವರ್ಷ ಕೋರ್ಟಲ್ಲಿ ಸವೆದದ್ದು ಸಾಲದಾಯ್ತೇನೇ ಲಲಿತಾ?" ಎಂದು ಎದುರು ಮನೆಯ ಸರೋಜಮ್ಮ ಬಾಯಿಬಿಟ್ಟೇ ಕೇಳಿದರು. ಸಾಲದಾಗಿತ್ತು ಸರೋಜಮ್ಮ. ಅದು ನನಗೂ ಅಲ್ಲಿಗೆ ಹೋದ ಮೇಲೇ ಗೊತ್ತಾದದ್ದು.

ನಾನು ಮೈಸೂರು ಸೀಮೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವಳು. ಜಡ್ಜ್ ಸಾಹೇಬರ ಕೆಳಗಿನ ಮೇಜಿನಲ್ಲಿ ಕೂತು ಫೈಲು ಕೊಡುವುದು, ತೆಗೆದುಕೊಳ್ಳುವುದು, ಮುಂದಿನ ತಾರೀಖು ಬರೆಯುವುದು. ನಿವೃತ್ತಿಯಾದ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಅಕ್ಕನ ಮಗಳು ವಿದ್ಯಾ ಟಿಕೆಟ್ ಕಳಿಸಿ ಜರ್ಸಿ ಸಿಟಿಗೆ ಕರೆಸಿಕೊಂಡಳು. ನದಿ ದಂಡೆಯ ಮೇಲೆ ಇಪ್ಪತ್ತೆರಡನೇ ಅಂತಸ್ತಿನ ಮನೆ. ಎದುರಿಗೇ ಹಡ್ಸನ್, ಅದರಾಚೆ ಮ್ಯಾನ್‌ಹಟನ್ನಿನ ಕಟ್ಟಡಗಳು. ಮೊದಲ ದಿನ ಕಿಟಕಿಯ ಹತ್ತಿರ ಹೋಗಲು ಕಾಲು ಬರಲಿಲ್ಲ. ಎರಡನೇ ದಿನದಿಂದ ಅಲ್ಲೇ ಕುರ್ಚಿ ಹಾಕಿಕೊಂಡೆ.

ಆಗ ಅಲ್ಲೆಲ್ಲ ಒಂದೇ ಮಾತು, ಲೇಆಫ್. ಬೆಳಿಗ್ಗೆ ಲಿಫ್ಟಿನಲ್ಲಿ ಟೈ ಕಟ್ಟಿಕೊಂಡು ಸಿಗುತ್ತಿದ್ದ ಹುಡುಗರು ಇದ್ದಕ್ಕಿದ್ದಂತೆ ಹನ್ನೊಂದು ಗಂಟೆಗೆ ಚಡ್ಡಿ ತೊಟ್ಟು ನಾಯಿ ಹಿಡಿದುಕೊಂಡು ಸಿಗತೊಡಗಿದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇನ್ನೂ ಕೆಲಸ ಉಳಿಸಿಕೊಂಡಿದ್ದ ವಿದ್ಯಾಳ ಕೆಲಸ ಏನೆಂದು ಮಾತ್ರ ನನಗೆ ಒಂದು ವಾರವಾದರೂ ತಲೆಗೆ ಹತ್ತಲಿಲ್ಲ.

"ಮೆಂಟಲ್ ಹೆಲ್ತ್ ಕೋರ್ಟ್ ಅಂತ ಇದೆ ಚಿಕ್ಕಮ್ಮ. ಮನಸ್ಸಿನ ಕಾಯಿಲೆ ಇದ್ದು ಕೇಸಲ್ಲಿ ಸಿಕ್ಕಿಕೊಂಡೋರಿಗೆ ಅಂತಾನೇ. ಜೈಲಿಗೆ ಕಳ್ಸೋ ಬದ್ಲು ಟ್ರೀಟ್‌ಮೆಂಟ್. ಒಂದು ವರ್ಷ ಜಡ್ಜ್ ಮುಂದೆ ಬಂದು ಹೋಗ್ತಾ ಇರ್ಬೇಕು. ಸರಿಯಾಗಿ ಮುಗಿಸಿದ್ರೆ ಕೇಸ್ ಡ್ರಾಪ್, ಇಲ್ಲಾಂದ್ರೆ ಜೈಲು. ಅದು ನಿಜವಾಗ್ಲೂ ವರ್ಕ್ ಆಗತ್ತಾ ಅಂತ ಇವ್ಯಾಲ್ಯುಯೇಟ್ ಮಾಡೋದು ನಮ್ಮ ಟೀಮ್."

"ಅಂದ್ರೆ ನೀನು ಕೋರ್ಟಿಗೇ ಪರೀಕ್ಷೆ ಮಾಡ್ತೀಯಾ?"

"ಹೂಂ. ಇಲ್ಲಿಗೆ ಬಂದೋರು ಮತ್ತೆ ಅರೆಸ್ಟ್ ಆದ್ರಾ, ಆಸ್ಪತ್ರೆ ಸೇರಿದ್ರಾ, ಇರೋಕೆ ಮನೆ ಇದ್ಯಾ ಅಂತ ನೋಡ್ತೀವಿ. ಮಾಮೂಲಿ ಕೋರ್ಟಿಗೆ ಹೋದೋರ ಜೊತೆ ಕಂಪೇರ್ ಮಾಡ್ತೀವಿ."

"ಏನು ಗೊತ್ತಾಯ್ತು ಮತ್ತೆ?"

"ಕೆಲವ್ರಿಗೆ ಆಗತ್ತೆ, ಕೆಲವ್ರಿಗೆ ಆಗಲ್ಲ. ಯಾಕೆ ಅಂತ ಹೇಳೋದು ಕಷ್ಟ. ಬಜೆಟ್ ಎಲ್ಲಾ ಕಟ್ ಆಗ್ತಿದೆ, ರಿಪೋರ್ಟ್ ಬೇಗ ಕೊಡಿ ಅಂತ ತಲೆ ಮೇಲೆ ಕೂತಿದ್ದಾರೆ."

ನಾನು ಬೆರಗಾದೆ. ನಮ್ಮಲ್ಲಿಗೂ ತನಿಖೆಗೆ ಬರುತ್ತಿದ್ದರು. ರಿಜಿಸ್ಟರುಗಳು ಸರಿಯಾಗಿವೆಯೇ, ತಿಂಗಳಿಗೆ ಎಷ್ಟು ಕೇಸು ಮುಗಿದವು ಎಂದು ನೋಡಿ ಹೋಗುತ್ತಿದ್ದರು. ಮುಗಿದ ಕೇಸಿನ ಮನುಷ್ಯ ಆಮೇಲೆ ಏನಾದ ಎಂದು ನನ್ನ ಇಡೀ ಸರ್ವೀಸಿನಲ್ಲಿ ಒಬ್ಬರೂ ಕೇಳಿರಲಿಲ್ಲ. ನನ್ನನ್ನೂ ಒಂದು ದಿನ ಕರೆದುಕೊಂಡು ಹೋಗೇ ಎಂದು ಹಟ ಹಿಡಿದೆ.

"ಬನ್ನಿ, ಓಪನ್ ಕೋರ್ಟು. ಆದ್ರೆ ಸುಮ್ನೆ ಹಿಂದೆ ಕೂತ್ಕೊಂಡು ನೋಡ್ಬೇಕು. ಯಾರನ್ನೂ ಮಾತಾಡಿಸ್ಬಾರ್ದು."

"ಕೋರ್ಟಲ್ಲಿ ಹೇಗಿರಬೇಕು ಅಂತ ನೀನು ನನಗೆ ಹೇಳಿಕೊಡ್ತೀಯೇನೇ?" ಎಂದು ಗದರಿದೆ.

ಕೋರ್ಟಿನ ಬಾಗಿಲು

ಅದು ಯಾವ ಕೋರ್ಟು ಎಂದು ಬರೆಯಕೂಡದೆಂದು ವಿದ್ಯಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನದಿ ದಾಟಬೇಕು, ಆಮೇಲೆ ನೆಲದೊಳಗಿನ ರೈಲು ಹಿಡಿಯಬೇಕು, ಅಷ್ಟು ಸಾಕು. ರೈಲಿನಲ್ಲಿ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರೂ ಇಡೀ ಡಬ್ಬಿಯಲ್ಲಿ ಒಂದು ಕೆಮ್ಮಿನ ಸದ್ದೂ ಇಲ್ಲ. ನಮ್ಮ ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಪಕ್ಕದವರ ಸೊಸೆ ಎಂಥವಳೆಂದು ನನಗೆ ಗೊತ್ತಾಗಿರುತ್ತಿತ್ತು.

ಕೋರ್ಟಿನ ಬಾಗಿಲಲ್ಲಿ ಚೀಲವನ್ನು ಯಂತ್ರದೊಳಗೆ ಹಾಯಿಸುತ್ತಾರೆ. ನನ್ನ ಚೀಲ ಹೋದದ್ದೇ ತಡ, ಯಂತ್ರ ನಿಂತಿತು. ಆರಡಿ ಮೀರಿದ ಆಸಾಮಿಯೊಬ್ಬ ಕೈಗವಸು ಹಾಕಿಕೊಂಡು ನನ್ನ ಅಡಕತ್ತರಿಯನ್ನು ಹೊರತೆಗೆದ. ಅದನ್ನು ತೆರೆದ, ಮುಚ್ಚಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಅದರೊಳಗೆ ಬೆರಳಿಟ್ಟು ನೋಡುವಷ್ಟರಲ್ಲಿ ವಿದ್ಯಾಳ ಮುಖ ಕೆಂಪಾಗಿತ್ತು.

"ಮ್ಯಾಡಮ್, ಇದರಿಂದ ಏನನ್ನು ಕತ್ತರಿಸುತ್ತೀರಿ?"

"ಅಡಿಕೆ. ಊಟ ಆದ ಮೇಲೆ."

ಆತ ಗಂಭೀರವಾಗಿ ತಲೆಯಾಡಿಸಿ ಅದಕ್ಕೊಂದು ಚೀಟಿ ಕಟ್ಟಿ, ಇನ್ನೊಂದು ಚೀಟಿಯನ್ನು ನನ್ನ ಕೈಗಿಟ್ಟ. ನಮ್ಮೂರ ಕೋರ್ಟಿನ ಬಾಗಿಲಲ್ಲಿ ಎಮ್ಮೆ ಒಳಗೆ ಬಂದರೂ ಯಾರೂ ಚೀಟಿ ಕೊಡುತ್ತಿರಲಿಲ್ಲ.

ಕಾರಿಡಾರಿನ ಬೆಂಚು

ವಿದ್ಯಾ ತನ್ನ ಟೀಮಿನವರನ್ನು ನೋಡಲು ಒಳಗೆ ಹೋದಳು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು, "ಅಯ್ಯೋ ದೇವರೇ, ಮಂಡಿ" ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸರಕ್ಕನೆ ತಿರುಗಿದಳು. ನಲವತ್ತೈದರ ಆಸುಪಾಸು, ಬೂದು ಕೋಟು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ.

"ಆಂಟಿ, ನೀವು ಕನ್ನಡದವರಾ? ನಮ್ದು ಉಡುಪಿ ಕಡೆ. ಗ್ರೇಸಿ ಅಂತ."

ಯಾರನ್ನೂ ಮಾತಾಡಿಸಬಾರದೆಂದು ವಿದ್ಯಾ ಹೇಳಿದ್ದಳು, ನಿಜ. ಆದರೆ ಮಾತಾಡಿಸಿದವಳು ಗ್ರೇಸಿ. ಅವಳು ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ. ತಡೆಯೇ ಇಲ್ಲದಂತೆ ಮಾತಾಡುತ್ತಿದ್ದಳು. ಪಾಪ, ಕನ್ನಡ ಕಿವಿಗೆ ಬಿದ್ದು ಎಷ್ಟು ದಿನವಾಯಿತೋ ಎಂದುಕೊಂಡೆ.

ಗಂಡ ತೀರಿಕೊಂಡಿದ್ದಾನೆ. ಮನೆಯಲ್ಲಿ ಹನ್ನೆರಡು ವರ್ಷದ ಮಗಳು, ಇವಳು, ಇಬ್ಬರೇ. ಜರ್ಸಿ ಸಿಟಿಯಲ್ಲಿ ವಾಸ. ಒಂಬತ್ತು ವರ್ಷ ದಿನವೂ ನದಿ ದಾಟಿ ಒಂದು ದೊಡ್ಡ ಬ್ಯಾಂಕಿನ ಆಫೀಸಿಗೆ ಹೋಗಿ ಕಾಗದಪತ್ರ ತಾಳೆ ನೋಡುವ ಕೆಲಸ ಮಾಡಿದ್ದಾಳೆ. ಹಿಂದಿನ ವರ್ಷ ಆ ಆಫೀಸು ಮುಚ್ಚಿಹೋಯಿತು. ಎಲ್ಲರೂ ರಟ್ಟಿನ ಡಬ್ಬಿಯಲ್ಲಿ ಫೋಟೋ, ಲೋಟ ತುಂಬಿಕೊಂಡು ಮನೆಗೆ ಹೋದರು. ಗ್ರೇಸಿ ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದು, ಟಿಫಿನ್ ಕಟ್ಟಿಕೊಂಡು, ಅದೇ ರೈಲು ಹಿಡಿದು ಆಫೀಸಿಗೆ ಹೋದಳು.

"ಎರಡು ತಿಂಗಳು ಹೋದೆ ಆಂಟಿ. ಕೆಳಗೆ ಲಾಬಿಯಲ್ಲಿ ಕೂತ್ಕೊಳ್ಳುದು, ಐದು ಗಂಟೆಗೆ ಬರುದು. ಮಗಳಿಗೂ ಹೇಳ್ಲಿಲ್ಲ. ಆಮೇಲೆ ನಿದ್ದೆ ಬಿಟ್ಟೇ ಹೋಯ್ತು. ಮೇಲೆ ಆಫೀಸಿನ ಕೆಲ್ಸ ಎಲ್ಲ ನಾನೊಬ್ಬಳೇ ಮುಗಿಸ್ಬೇಕು, ಇಲ್ಲದಿದ್ರೆ ಎಲ್ಲರಿಗೂ ತೊಂದ್ರೆ ಆಗ್ತದೆ ಅಂತ ಅನಿಸ್ಲಿಕ್ಕೆ ಶುರುವಾಯ್ತು. ಒಂದು ದಿನ ಗೇಟ್ ಹಾರಿದೆ. ಗಾರ್ಡ್ ಹಿಡ್ಕೊಂಡ. ಟಿಫಿನ್ ಡಬ್ಬಿಯಲ್ಲಿ ಹೊಡ್ದುಬಿಟ್ಟೆ. ಹಣೆ ಒಡ್ದು ರಕ್ತ."

ಪೊಲೀಸು, ಆಸ್ಪತ್ರೆ, ಕಾಯಿಲೆಗೊಂದು ಹೆಸರು, ಆಮೇಲೆ ಈ ಕೋರ್ಟು. ಆರು ತಿಂಗಳಾಗಿತ್ತು. ಇನ್ನಾರು ತಿಂಗಳು ಸರಿಯಾಗಿ ನಡೆದುಕೊಂಡರೆ ಕೇಸಿಲ್ಲ. ತಪ್ಪಿದರೆ ಜೈಲು. ಜೈಲಾದರೆ ಮಗಳು ಯಾರದೋ ಮನೆಗೆ.

ಅಷ್ಟು ಹೇಳಿ ಅವಳು ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. "ನೋಡಿ ಆಂಟಿ, ನಡುಗ್ತದಾ?"

"ಇಲ್ವಲ್ಲಮ್ಮ."

"ಮಾತ್ರೆ ತಗೊಂಡ್ರೆ ನಡುಗ್ತದೆ. ಚಾ ಲೋಟ ಹಿಡೀಲಿಕ್ಕೆ ಆಗುದಿಲ್ಲ. ಮಗಳು ನೋಡಿ ಮುಖ ತಿರುಗಿಸ್ತಾಳೆ. ಎರಡು ವಾರ ಆಯ್ತು, ಬಿಟ್ಟುಬಿಟ್ಟಿದ್ದೇನೆ. ಯಾರಿಗೂ ಹೇಳ್ಲಿಲ್ಲ. ಈಗ ಜಡ್ಜ್ ಕೇಳಿದ್ರೆ ಎಂತ ಹೇಳುದು?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಮೂವತ್ತೊಂದು ವರ್ಷ ಕೋರ್ಟಿನ ಕಾರಿಡಾರು ನೋಡಿದವಳು ನಾನು. ಒಳಗೆ ಹೋಗುವ ಮುಂಚೆ ವಕೀಲರು, ಗುಮಾಸ್ತರು, ಕಡೆಗೆ ಪಕ್ಕದ ಟೀ ಅಂಗಡಿಯವನು ಕೂಡ ಕಕ್ಷಿಗಾರನ ಕಿವಿಯಲ್ಲಿ ಹೇಳುವುದು ಒಂದೇ ಮಾತು. ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು ಹೇಳು, ಯಾವುದನ್ನೂ ಒಪ್ಪಿಕೊಳ್ಳಬೇಡ, ಇವತ್ತಿನ ದಿನ ದಾಟಲಿ. ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ತಪ್ಪದೆ ತಗೊಳ್ತಿದ್ದೀನಿ ಅನ್ನು. ತಲೆ ಎತ್ತಿ, ಒಂದೇ ಉಸಿರಲ್ಲಿ ಹೇಳು. ತಡವರಿಸಿದ್ರೆ ಅನುಮಾನ ಬರುತ್ತೆ. ನಾಳೆಯಿಂದ ಮತ್ತೆ ತಗೊಳ್ಳೋಕೆ ಶುರುಮಾಡು. ಯಾರಿಗೆ ಗೊತ್ತಾಗುತ್ತೆ?"

ಎರಡು ಸಲ ಹೇಳಿಸಿ ಅಭ್ಯಾಸವನ್ನೂ ಮಾಡಿಸಿದೆ. ಗ್ರೇಸಿ ನನ್ನ ಕೈ ಒತ್ತಿ, "ದೇವರೇ ನಿಮ್ಮನ್ನು ಕಳಿಸಿದ್ದು" ಎಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಕೋರ್ಟ್ ಹಾಲ್

ಹಿಂದಿನ ಸಾಲಿನಲ್ಲಿ ಕೂತೆ. ಜಡ್ಜ್ ಬಂದರು. ಅರವತ್ತು ದಾಟಿದ ಕರಿಯ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ಇಳಿಬಿಟ್ಟುಕೊಂಡಿದ್ದರು. ಮೊದಲ ಹೆಸರು ಕರೆದರು. ಒಬ್ಬ ಮುದುಕ ಎದ್ದು ನೇರ ಅವರ ಮುಂದೆ ಹೋಗಿ ನಿಂತ. ವಕೀಲ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಜಡ್ಜ್ ಮಾತಾಡಿದ್ದು ಆ ಮುದುಕನ ಜೊತೆ!

"ಗುಡ್ ಮಾರ್ನಿಂಗ್. ಹೊಸ ರೂಮು ಹೇಗಿದೆ? ಶಾಖ ಬರುತ್ತಿದೆಯಾ? ನಿಮ್ಮ ಬೆಕ್ಕು ಹುಷಾರಾಯಿತಾ?"

ಬೆಕ್ಕು! ನಮ್ಮಲ್ಲಿ ಆರೋಪಿಯ ದನಿಯನ್ನೇ ಕೇಳದೆ ಕೇಸುಗಳು ಮುಗಿದದ್ದನ್ನು ನೋಡಿದ್ದೇನೆ. ಇಲ್ಲಿ ನ್ಯಾಯಾಧೀಶರು ಪೀಠದ ಮೇಲೆ ಕೂತು ಆರೋಪಿಯ ಬೆಕ್ಕಿನ ಯೋಗಕ್ಷೇಮ ಕೇಳುತ್ತಿದ್ದಾರೆ. ಬೆಕ್ಕು ಚೆನ್ನಾಗಿದೆ, ತಾನು ಮೂರು ತಿಂಗಳಿಂದ ಒಂದು ದಿನವೂ ಚಿಕಿತ್ಸೆ ತಪ್ಪಿಸಿಲ್ಲ ಎಂದು ಮುದುಕ ಹೇಳಿದ. ಜಡ್ಜ್ ಚಪ್ಪಾಳೆ ತಟ್ಟಿದರು. ಹಿಂದೆಯೇ ಪೊಲೀಸು, ವಕೀಲ, ಗುಮಾಸ್ತೆ, ಕೂತಿದ್ದ ಇತರ ಆರೋಪಿಗಳು, ಎಲ್ಲರೂ ತಟ್ಟಿದರು. ನಾನು ಹಳೆಯ ಅಭ್ಯಾಸಬಲದಿಂದ "ಶ್!" ಎಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಪಕ್ಕದ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ವಿದ್ಯಾ ನನ್ನನ್ನು ನುಂಗುವಂತೆ ನೋಡಿದಳು.

ಎರಡನೆಯವನು ಒಬ್ಬ ಯುವಕ. ಒಂದು ವಾರ ಮಾತ್ರೆ ತಪ್ಪಿಸಿದೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡ. ಮುಗಿಯಿತು ಇವನ ಕಥೆ ಎಂದುಕೊಂಡೆ. ಜಡ್ಜ್ "ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದರು. ವಾರಕ್ಕೊಮ್ಮೆ ಬಂದು ಹೋಗು, ನಿನ್ನ ಚಿಕಿತ್ಸೆ ನೋಡಿಕೊಳ್ಳುವ ಕೇಸ್‌ವರ್ಕರ್ ದಿನಾ ಫೋನ್ ಮಾಡುತ್ತಾಳೆ ಎಂದರು. ಅವನು ಬಾಗಿಲಿನಿಂದ ಹೊರಗೆ ಹೋದ.

ಮೂರನೆಯವನು ದೊಡ್ಡ ಆಳು, ಹೆಸರು ಮಾರ್ಕಸ್. ಎಲ್ಲವೂ ಸರಿಯಾಗಿದೆ, ಮಾತ್ರೆ ತಪ್ಪಿಸಿಲ್ಲ ಎಂದು ಎದೆಯುಬ್ಬಿಸಿ ಹೇಳಿದ. ಜಡ್ಜ್ ಒಂದು ಹಾಳೆಯನ್ನು ಎತ್ತಿಕೊಂಡರು. ರಕ್ತಪರೀಕ್ಷೆಯ ವರದಿ.

"ಮಾರ್ಕಸ್, ಮಾತ್ರೆ ಬಿಟ್ಟಿದ್ದಕ್ಕೆ ನಾನು ಏನಾದರೂ ದಾರಿ ಹುಡುಕುತ್ತಿದ್ದೆ. ಆದರೆ ಇದು ಮೂರನೇ ಸಲ ನೀವು ನನಗೆ ಸುಳ್ಳು ಹೇಳುತ್ತಿರುವುದು. ನಿಮಗೆ ಏನಾಗುತ್ತಿದೆ ಎಂದೇ ನನಗೆ ಗೊತ್ತಾಗದಿದ್ದರೆ ನಿಮ್ಮನ್ನು ಹೊರಗೆ ಹೇಗೆ ಬಿಡಲಿ?"

ಕೈಗೆ ಬೇಡಿ ಬಿತ್ತು. ಅವನು ಇನ್ನೊಂದು ಬಾಗಿಲಿನಿಂದ, ಬೀದಿಗೆ ಹೋಗದ ಬಾಗಿಲಿನಿಂದ, ಒಳಗೆ ಹೋದ.

ಈ ಕೋರ್ಟಿನ ಕ್ರಮವೇ ಬೇರೆ, ಅದು ಗೊತ್ತಿಲ್ಲದೆ ನಾನು ಆ ಹೆಣ್ಣುಮಗಳಿಗೆ ಜೈಲಿನ ದಾರಿಯನ್ನು ಬಾಯಿಪಾಠ ಮಾಡಿಸಿಬಿಟ್ಟಿದ್ದೆ. ಗ್ರೇಸಿ ನನಗಿಂತ ನಾಲ್ಕು ಸಾಲು ಮುಂದೆ, ಬೆನ್ನು ಹಾಕಿ ಕೂತಿದ್ದಳು. ಒಂದು ಸಲ ತಿರುಗೇ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ತಿರುಗಲಿಲ್ಲ. ಅವಳ ಹೆಸರು ಕರೆದರು.

"ಗ್ರೇಸಿ, ಮಗಳು ಹೇಗಿದ್ದಾಳೆ? ನೀವು ಹೇಗಿದ್ದೀರಿ? ಮಾತ್ರೆ?"

"ತಪ್ಪದೆ ತಗೊಳ್ತಿದ್ದೇನೆ, ಯುವರ್ ಆನರ್," ಎಂದಳು ಗ್ರೇಸಿ. ತಲೆ ಎತ್ತಿ, ಒಂದೇ ಉಸಿರಿನಲ್ಲಿ, ನಾನು ಹೇಳಿಕೊಟ್ಟ ಹಾಗೇ.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ. ಮೂವತ್ತೊಂದು ವರ್ಷದಲ್ಲಿ ಹಾಗೆ ನಡುವೆ ಎದ್ದು ಬಾಯಿ ಹಾಕಿದವರನ್ನೆಲ್ಲ ಹೊರಗೆ ಕಳಿಸಿದವಳು ನಾನು. ನನಗೆ ಬರುವ ಇಂಗ್ಲಿಷು ಕೋರ್ಟಿನ ಇಂಗ್ಲಿಷೊಂದೇ.

"ಯುವರ್ ಆನರ್, ದಿಸ್ ಈಸ್ ಟ್ಯೂಟರ್ಡ್ ಸ್ಟೇಟ್‌ಮೆಂಟ್. ಐ ಓನ್ಲಿ ಟ್ಯೂಟರ್ಡ್ ಹರ್."

ಪೊಲೀಸು ನನ್ನತ್ತ ಹೊರಟ. ಜಡ್ಜ್ ಕೈಯೆತ್ತಿ ಅವನನ್ನು ತಡೆದು, ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು. "ನೀವು ಯಾರು?"

"ಬೆಂಚ್ ಕ್ಲರ್ಕ್. ರಿಟೈರ್ಡ್. ಇಂಡಿಯಾ."

ಯಾರೋ ಕಿಸಕ್ಕನೆ ನಕ್ಕರು. ಜಡ್ಜ್ ನಗಲಿಲ್ಲ. "ಯಾಕೆ ಹೇಳಿಕೊಟ್ಟಿರಿ?"

"ನಮ್ಮಲ್ಲಿ ಹಾಗೇ ರೂಢಿ. ಇವತ್ತಿನ ದಿನ ದಾಟಿದರೆ ಸಾಕು ಅಂತ. ತಪ್ಪು ನನ್ನದು, ಅವಳದಲ್ಲ."

"ಥ್ಯಾಂಕ್ ಯೂ. ಕೂತುಕೊಳ್ಳಿ."

ಕೂತ ಮೇಲೆ ಹೊಳೆಯಿತು. ಅವಳನ್ನು ಉಳಿಸಲು ಹೋಗಿ ತುಂಬಿದ ಕೋರ್ಟಿನಲ್ಲಿ ನಾನೇ ಹಿಡಿದುಕೊಟ್ಟಂತಾಯಿತಲ್ಲ! ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಜಡ್ಜ್ ಗ್ರೇಸಿಯ ಕಡೆ ತಿರುಗಿ, "ಅವರು ಹೇಳಿಕೊಟ್ಟದ್ದನ್ನು ಬದಿಗಿಡೋಣ. ಈಗ ನೀವು ಹೇಳಿ," ಎಂದರು.

ಯಾರೂ ಅವಸರ ಮಾಡಲಿಲ್ಲ, ಮುಂದಿನ ಕೇಸು ಕರೆಯಲಿಲ್ಲ. ಕಡೆಗೆ ಗ್ರೇಸಿ ಹೇಳಿದಳು. ಎರಡು ವಾರದಿಂದ ಮಾತ್ರೆ ಬಿಟ್ಟಿದ್ದೇನೆ. ಕೈ ನಡುಗುತ್ತಿತ್ತು, ಅದಕ್ಕೆ. ಐದು ದಿನದಿಂದ ನಿದ್ದೆಯಿಲ್ಲ. ಆಮೇಲೆ, ನನಗೂ ಹೇಳದೇ ಇದ್ದ ಮಾತನ್ನು ಹೇಳಿದಳು.

"ಮಂಗಳವಾರ ಮತ್ತೆ ಆಫೀಸಿಗೆ ಹೋಗಿದ್ದೆ."

ಅವಳ ವಕೀಲ ಕಣ್ಣು ಮುಚ್ಚಿಕೊಂಡ. ಆ ಕಟ್ಟಡದ ಹತ್ತಿರ ಸುಳಿಯಕೂಡದೆಂದು ಅವಳಿಗೆ ಕೋರ್ಟಿನ ಆಜ್ಞೆಯಿತ್ತಂತೆ. ಕಾರಿಡಾರಿನಲ್ಲಿ ಅವಳ ಮಾತಿಗೆ ತಡೆಯಿರಲಿಲ್ಲವಲ್ಲ, ಅದು ಕನ್ನಡ ಸಿಕ್ಕ ಸಂತೋಷವಲ್ಲ, ಕಾಯಿಲೆ ತಿರುಗಿ ಬರುತ್ತಿದ್ದ ಸದ್ದು ಎಂದು ನನಗಾಗ ಅರ್ಥವಾಯಿತು.

"ಒಳಗೆ ಹೋದಿರಾ?"

"ಇಲ್ಲ. ರಸ್ತೆಯ ಈಚೆ ನಿಂತಿದ್ದೆ. ಆಮೇಲೆ ವಾಪಸ್ ಬಂದೆ."

"ಕಳೆದ ವರ್ಷ ನೀವು ವಾಪಸ್ ಬರಲಿಲ್ಲ. ಈ ಸಲ ಯಾರು ಹೇಳಿದರು, ವಾಪಸ್ ಹೋಗು ಅಂತ?"

"ಯಾರೂ ಇಲ್ಲ. ಮಗಳ ಸ್ಕೂಲು ಬಿಡುವ ಹೊತ್ತಾಗಿತ್ತು."

ಜಡ್ಜ್ ಕನ್ನಡಕ ತೆಗೆದರು. ಸರಕಾರಿ ವಕೀಲರನ್ನು ಕರೆದು ಪಿಸುದನಿಯಲ್ಲಿ ಏನೋ ಮಾತಾಡಿದರು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಆಮೇಲೆ ಅವರು ಹೇಳಿದರು. ಗ್ರೇಸಿ ಇಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗಬೇಕು, ಕೇಸ್‌ವರ್ಕರ್ ಜೊತೆಯಲ್ಲೇ ಹೋಗುತ್ತಾಳೆ. ಕೈ ನಡುಗದ ಔಷಧಿ ಇದೆಯಾ ಎಂದು ಡಾಕ್ಟರು ನೋಡಬೇಕು. ಒಂದು ವರ್ಷದ ಲೆಕ್ಕಕ್ಕೆ ಇನ್ನೆರಡು ತಿಂಗಳು ಸೇರುತ್ತದೆ. ಮುಂದಿನ ಗುರುವಾರ ಮತ್ತೆ ಬರಬೇಕು. ಆ ಗುರುವಾರ ಬರದಿದ್ದರೆ, ಅಥವಾ ಈ ಏಳು ದಿನ ಔಷಧಿ ತಪ್ಪಿದರೆ, ತನ್ನ ಕೈಯಲ್ಲಿ ಬೇರೆ ದಾರಿಯಿಲ್ಲ.

"ಔಷಧಿಯನ್ನು ಬದಲಿಸಬಹುದು ಗ್ರೇಸಿ. ನನಗೆ ಹೇಳದೇ ಇದ್ದದ್ದನ್ನು ಮಾತ್ರ ಬದಲಿಸಲಾರೆ."

ಗ್ರೇಸಿ ಬೀದಿಯ ಕಡೆಯ ಬಾಗಿಲಿನಿಂದ ಹೊರಗೆ ಹೋದಳು. ಹೋಗುವಾಗ ನನ್ನ ಸಾಲಿನ ಹತ್ತಿರ ಒಂದು ಗಳಿಗೆ ನಿಂತಳು. "ನೀವು ಏಳದಿದ್ರೆ ಆಂಟಿ, ನಾಳೆ ಮತ್ತೆ ಆಫೀಸಿಗೆ ಹೋಗುದೇ," ಎಂದಳು. ನಾನು ಅವಳ ಕೈ ಒತ್ತಿದೆ.

ಫೆರಿ

ವಾಪಸು ಬರುವಾಗ ವಿದ್ಯಾ ರೈಲು ಬಿಟ್ಟು ದೋಣಿಗೆ ಕರೆದುಕೊಂಡು ಬಂದಳು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅರ್ಧ ನದಿ ದಾಟಿದ ಮೇಲೆ ಅವಳು ನನ್ನತ್ತ ತಿರುಗಿದಳು.

"ಚಿಕ್ಕಮ್ಮ, ಇವತ್ತಿನ ಅಬ್ಸರ್ವೇಶನ್ ಪೂರ್ತಿ ಕ್ಯಾನ್ಸಲ್. ರಿಸರ್ಚರ್ ಮನೆಯವ್ರೇ ಎದ್ದು ನಿಂತು ಸಾಕ್ಷಿ ಹೇಳಿದ್ರು ಅಂತ ನಾನು ಯಾವ ಕಾಲಮ್‌ನಲ್ಲಿ ಬರೀಲಿ?"

"ಬೈಯೇ, ಬೈದುಬಿಡು."

ಬೈಯಲಿಲ್ಲ. ನನ್ನ ಪಕ್ಕ ಬಂದು ನಿಂತು ಕೇಳಿದಳು. "ನಿಮ್ಮ ಕೋರ್ಟಿಗೆ ಇಂಥೋರು ಬರ್ತಿರ್ಲಿಲ್ವಾ?"

ಬರುತ್ತಿದ್ದರು. ಒಬ್ಬ ರಂಗಸ್ವಾಮಿ ಇದ್ದ. ಯಾರದೋ ಅಂಗಡಿಯ ಗಾಜು ಒಡೆದ ಕೇಸು. ತಾರೀಖಿಗೆ ತಪ್ಪದೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಕೂತು ಗಾಳಿಯ ಜೊತೆ ಮಾತಾಡುತ್ತಿದ್ದ. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಅವನ ಹೆಸರು ಕೂಗುತ್ತಿದ್ದ. ಅವನಿಗೆ ಕೇಳಿಸುತ್ತಿರಲಿಲ್ಲ, ಕೇಳಿಸಿದರೂ ಅದು ತನ್ನ ಹೆಸರೆಂದು ತಿಳಿಯುತ್ತಿರಲಿಲ್ಲ. ಕಿಟಕಿಯಿಂದ ಅವನು ನನಗೆ ಕಾಣುತ್ತಿದ್ದ. ನಾನು 'ಗೈರುಹಾಜರು, ವಾರಂಟ್' ಎಂದು ಬರೆಯುತ್ತಿದ್ದೆ. ಎದ್ದು ಹೋಗಿ ಕೈಹಿಡಿದು ಕರೆದುಕೊಂಡು ಬರಬಹುದಿತ್ತು. ಅದು ನನ್ನ ಕೆಲಸವೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಇದನ್ನು ವಿದ್ಯಾಳಿಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವಳು ನನ್ನ ಶಾಲನ್ನು ಕಿವಿಯವರೆಗೆ ಎಳೆದು ಹೊದಿಸಿದಳು.

ಕೊನೆಯ ಗುರುವಾರ

ಶುಕ್ರವಾರಕ್ಕೆ ನನ್ನ ವಿಮಾನ. ಅದರ ಹಿಂದಿನ ದಿನವೇ ಆ ಗುರುವಾರ. ನಾನೂ ಬರುತ್ತೇನೆ ಎಂದೆ. ವಿದ್ಯಾ ಕೈ ಮುಗಿದು ಬೇಡ ಎಂದಳು. ಸರಿ, ಸಂಜೆ ಬಂದು ಗ್ರೇಸಿಯ ಸುದ್ದಿ ಹೇಳು ಎಂದರೆ ಅದೂ ಇಲ್ಲವಂತೆ. ಸ್ಟಡಿಯಲ್ಲಿ ಇರುವವರ ವಿಷಯ ಮನೆಯವರ ಹತ್ತಿರವೂ ಆಡಕೂಡದು, ಕೆಲಸ ಹೋಗುತ್ತದೆ. "ನಾನು ಹೇಳಲ್ಲ, ನೀವು ಕೇಳ್ಬಾರ್ದು," ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸೂಟ್‌ಕೇಸು ತುಂಬಲು ಕೂತೆ. ತುಂಬಿದ್ದನ್ನು ತೆಗೆದೆ, ತೆಗೆದದ್ದನ್ನು ತುಂಬಿದೆ. ಕಿಟಕಿಯ ಹತ್ತಿರ ಹೋದೆ. ಎದುರು ದಡದ ಅಷ್ಟು ಕಟ್ಟಡಗಳಲ್ಲಿ ಅವಳ ಆಫೀಸು ಯಾವುದೋ. ಮೂವತ್ತೊಂದು ವರ್ಷ ಸಾವಿರಾರು ಜನಕ್ಕೆ ಮುಂದಿನ ತಾರೀಖು ಬರೆದುಕೊಟ್ಟಿದ್ದೆ, ಒಂದೇ ಒಂದು ತಾರೀಖಿಗಾಗಿಯೂ ಹೀಗೆ ಗಡಿಯಾರ ನೋಡುತ್ತ ಕೂತಿರಲಿಲ್ಲ.

ಸಂಜೆ ಆರಕ್ಕೆ ಬಾಗಿಲು ಸದ್ದಾಯಿತು. ನಾನು ತಲೆಯೆತ್ತಲಿಲ್ಲ. ಸೀರೆ ಮಡಿಸುತ್ತಿದ್ದೆ. ವಿದ್ಯಾ ಕೋಟು ತೆಗೆದಿಟ್ಟಳು, ಅಡಿಗೆಮನೆಗೆ ಹೋಗಿ ನೀರು ಕುಡಿದಳು, ಬಂದು ನನ್ನ ಪಕ್ಕ ಹಾಸಿಗೆಯ ಮೇಲೆ ಕೂತಳು. ನಾನು ಕೇಳಲಿಲ್ಲ. ಅವಳು ನಾನು ಮಡಿಸುತ್ತಿದ್ದ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಳು.

"ಇವತ್ತು ಕೋರ್ಟಿಗೆ ಎಲ್ಲರೂ ಬಂದಿದ್ರು ಚಿಕ್ಕಮ್ಮ," ಎಂದಳು. "ಎಲ್ಲರೂ ಮನೆಗೆ ಹೋದ್ರು."